ಮಂಡಿಯ ಸಂಧಿವಾತ: ಚಿಕಿತ್ಸೆಗಳ ಪರೀಕ್ಷೆಯೂ ಪ್ರಮಾಣದ ವಿಚಾರವೂ

ಇತಿಹಾಸ ವಿಭಾಗದ ವಾರ್ಷಿಕ ಸಂಶೋಧನ ಸಂಚಿಕೆಯಲ್ಲಿ ಮಂಡಿನೋವಿನ ವಿಷಯವಾಗಿ ಲೇಖನವೊಂದು ಬರುವುದು ಕೆಲವು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ರೋಗನಿದಾನವಾಗಲಿ ಔಷಧೋಪದೇಶವಾಗಲಿ ನಮ್ಮ ಅಧಿಕಾರಕ್ಕೆ ಸೇರಿದುದಲ್ಲ. ಅದು ವೈದ್ಯರ ಕ್ಷೇತ್ರ. ಆದರೆ ಒಂದು ಚಿಕಿತ್ಸೆಯಿಂದ ಗುಣವಾಯಿತೆಂಬ ಮಾತನ್ನು ಯಾವ ಆಧಾರದ ಮೇಲೆ ನಂಬಬೇಕು, ಯಾರ ಸಾಕ್ಷ್ಯಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬ ಪ್ರಶ್ನೆ ಪ್ರಮಾಣವಿಚಾರಕ್ಕೆ ಸಂಬಂಧಿಸಿದುದು. ಪ್ರಮಾಣವಿಚಾರವಾದರೋ ಇತಿಹಾಸಕಾರನ ನಿತ್ಯದ ಕಸುಬು. ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಮುಂದೆ ಪಲ್ಲವರಾಜನು ಕಂಚಿಯ ಕೋಟೆಯ ಹಿಂದೆ ಅಡಗಿದನೆಂದು ಹೇಳುತ್ತಾನೆ. ಪಲ್ಲವರ ತಾಮ್ರಪಟಗಳು ತಮ್ಮ ದೊರೆಯೇ ಶತ್ರುಗಳನ್ನು ಧ್ವಂಸಮಾಡಿದನೆಂದು ಸಾರುತ್ತವೆ. ಗೆದ್ದೆನೆಂದು ಹೇಳಿಕೊಳ್ಳುವವನ ಮಾತೊಂದೇ ಗೆಲುವಿಗೆ ಸಾಕ್ಷಿಯಾಗಲಾರದೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲಿಯೇ ಕಲಿಸುತ್ತೇವೆ. ವೈದ್ಯಶಾಸ್ತ್ರವು ಇದೇ ಪಾಠವನ್ನು ತನ್ನದೇ ಮಾರ್ಗದಲ್ಲಿ ಹೇಗೆ ಕಲಿತುಕೊಂಡಿತೆಂಬುದನ್ನು, ಮಂಡಿಯ ಸಂಧಿವಾತವೆಂಬ ಒಂದೇ ರೋಗವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಸಂಗ್ರಹವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೧. ರೋಗದ ಸ್ವರೂಪ

ಮಂಡಿಯಲ್ಲಿ ತೊಡೆಯ ಮೂಳೆಯ ತುದಿಯೂ ಮೊಣಕಾಲ ಕೆಳಗಿನ ಮೂಳೆಯ ತಲೆಯೂ ಕೂಡುವೆಡೆಯಲ್ಲಿ, ಅವೆರಡರ ಮೇಲೂ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಇವುಗಳ ನಡುವೆ ಅರ್ಧಚಂದ್ರಾಕೃತಿಯ ಎರಡು ಮೆತ್ತೆಗಳು ಭಾರವನ್ನು ಹಂಚುತ್ತವೆ. ವಯಸ್ಸು, ದೇಹದ ತೂಕ, ಹಿಂದಿನ ಪೆಟ್ಟು, ವಂಶಗುಣ ಮೊದಲಾದ ಕಾರಣಗಳಿಂದ ಈ ಮೃದ್ವಸ್ಥಿಯು ತೆಳುವಾಗಿ, ಬಿರುಕುಬಿಟ್ಟು, ಅಂಚಿನಲ್ಲಿ ಹೊಸ ಮೂಳೆಯ ಮೊಳೆಗಳು ಹುಟ್ಟಿ, ಕೀಲಿನ ಒಳಪೊರೆ ಆಗಾಗ ಊದಿಕೊಳ್ಳುವ ಸ್ಥಿತಿಗೆ ಆಸ್ಟಿಯೋ ಆರ್ಥ್ರೈಟಿಸ್ ಎಂದು ಹೆಸರು. ಸಂಧಿವಾತವೆಂಬ ನಮ್ಮ ಬಳಕೆಯ ಮಾತು ಹಲವು ರೋಗಗಳನ್ನು ಒಟ್ಟಾಗಿ ಸೂಚಿಸುವುದಾದರೂ ಇಲ್ಲಿ ಈ ಸವಕಳಿಯ ರೋಗವನ್ನೇ ಉದ್ದೇಶಿಸಿದ್ದೇವೆ.

ಚಿಕಿತ್ಸೆಯ ಪರೀಕ್ಷೆಗೆ ಈ ರೋಗವು ಒಡ್ಡುವ ತೊಡಕುಗಳು ಎರಡು. ಮೊದಲನೆಯದು, ಕಣ್ಣಿಗೆ ಕಾಣುವ ಕೆಡುಕಿಗೂ ರೋಗಿಗೆ ಆಗುವ ನೋವಿಗೂ ಸರಿಯಾದ ಹೊಂದಿಕೆಯಿಲ್ಲದಿರುವುದು. ೧೯೫೭ರಲ್ಲಿ ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಎಕ್ಸ್-ರೇ ಚಿತ್ರವನ್ನು ನೋಡಿ ರೋಗವನ್ನು ಸೊನ್ನೆಯಿಂದ ನಾಲ್ಕರವರೆಗೆ ಶ್ರೇಣೀಕರಿಸುವ ಕ್ರಮವನ್ನು ಪ್ರಕಟಿಸಿದರು. ಇಂದಿಗೂ ಅದೇ ಕ್ರಮ ಬಳಕೆಯಲ್ಲಿದೆ. ಆದರೆ ಚಿತ್ರದಲ್ಲಿ ನಾಲ್ಕನೆಯ ಶ್ರೇಣಿಯ ಮಂಡಿಯುಳ್ಳವರು ಕೆಲವರು ಸಲೀಸಾಗಿ ಓಡಾಡುವುದೂ, ಒಂದನೆಯ ಶ್ರೇಣಿಯವರು ಕೆಲವರು ಮೆಟ್ಟಿಲು ಹತ್ತಲಾರದೆ ನರಳುವುದೂ ಉಂಟು. ಆದಕಾರಣ ಚಿಕಿತ್ಸೆಯ ಫಲವನ್ನು ಕಡೆಗೂ ರೋಗಿಯ ಬಾಯಿಂದಲೇ ಕೇಳಿ ತಿಳಿಯಬೇಕಾಗುತ್ತದೆ. ಎರಡನೆಯದು, ನೋವಿನ ಏರಿಳಿತ. ಈ ನೋವು ಒಂದೇ ಸಮನಾಗಿರುವುದಿಲ್ಲ. ಕೆಲವು ವಾರ ಉಲ್ಬಣಿಸಿ, ಕೆಲವು ವಾರ ತಾನಾಗಿಯೇ ಇಳಿಯುತ್ತದೆ. ರೋಗಿಯು ವೈದ್ಯನ ಬಾಗಿಲಿಗೆ ಬರುವುದು ನೋವು ಶಿಖರಕ್ಕೇರಿದ ದಿನಗಳಲ್ಲಿ. ಆಮೇಲೆ ಅದು ಇಳಿಯುವುದು ಸಹಜ. ಆ ಇಳಿತದ ಕೀರ್ತಿ ಮಾತ್ರ ಆ ದಿನಗಳಲ್ಲಿ ಯಾವ ಔಷಧ ನಡೆಯುತ್ತಿತ್ತೋ ಅದಕ್ಕೆ ಸಲ್ಲುತ್ತದೆ. ಕಾಗೆ ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧ ಕಟ್ಟುವ ಕಾಕತಾಲೀಯ ನ್ಯಾಯಕ್ಕೆ ಇದಕ್ಕಿಂತ ತಕ್ಕ ನಿದರ್ಶನ ಸಿಕ್ಕುವುದು ಕಷ್ಟ.

ಇದರ ಜೊತೆಗೆ ನಂಬಿಕೆಯ ಶಕ್ತಿಯೊಂದುಂಟು. ಗುಣವಾಗುವುದೆಂಬ ನಿರೀಕ್ಷೆಯಿಂದಲೇ ನೋವು ಸ್ವಲ್ಪಮಟ್ಟಿಗೆ ತಗ್ಗುತ್ತದೆ. ಔಷಧಾಂಶವಿಲ್ಲದ ಹುಸಿಮಾತ್ರೆಯನ್ನು ಕೊಟ್ಟರೂ ಸಂಧಿವಾತದ ರೋಗಿಗಳಲ್ಲಿ ಗಣನೀಯವಾದ ಉಪಶಮನ ಕಾಣುವುದೆಂದು, ೧೯೮ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೦೮ರಲ್ಲಿ ಪ್ರಕಟವಾದ ವಿಮರ್ಶೆಯೊಂದು ತೋರಿಸಿತು. ಈ ಉಪಶಮನ ಸುಳ್ಳಲ್ಲ. ರೋಗಿಗೆ ನಿಜವಾಗಿಯೂ ಹಿತವಾಗಿರುತ್ತದೆ. ಆದರೆ ಅದರ ಕಾರಣ ಔಷಧವೇ, ಕಾಲವೇ, ನಂಬಿಕೆಯೇ ಎಂಬುದನ್ನು ಬೇರ್ಪಡಿಸದೆ ಚಿಕಿತ್ಸೆಯ ಗುಣಾವಗುಣಗಳನ್ನು ನಿರ್ಣಯಿಸುವಂತಿಲ್ಲ.

೨. ನಿಯಂತ್ರಿತ ಪ್ರಯೋಗದ ಉದಯ

ಹೀಗೆ ಬೇರ್ಪಡಿಸುವ ಉಪಾಯವು ಸ್ಪಷ್ಟವಾದ ರೂಪವನ್ನು ತಳೆದುದು ೧೯೪೮ರಲ್ಲಿ, ಕ್ಷಯರೋಗದ ಸಂದರ್ಭದಲ್ಲಿ. ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯು ಸ್ಟ್ರೆಪ್ಟೊಮೈಸಿನ್ ಔಷಧವನ್ನು ಪರೀಕ್ಷಿಸಿದಾಗ, ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್ ಅವರ ಯೋಜನೆಯಂತೆ ೧೦೭ ರೋಗಿಗಳನ್ನು ಎರಡು ಗುಂಪುಗಳಾಗಿ ಹಂಚಲಾಯಿತು. ಯಾರಿಗೆ ಔಷಧ, ಯಾರಿಗೆ ಬರಿಯ ವಿಶ್ರಾಂತಿ ಎಂಬುದನ್ನು ವೈದ್ಯನ ಇಷ್ಟಕ್ಕೂ ರೋಗಿಯ ಇಷ್ಟಕ್ಕೂ ಬಿಡದೆ, ಮುದ್ರೆಯೊತ್ತಿದ ಲಕೋಟೆಗಳಲ್ಲಿ ಮೊದಲೇ ನಿಶ್ಚಯಿಸಿಡಲಾಗಿತ್ತು. ಆರು ತಿಂಗಳ ಕೊನೆಗೆ ಔಷಧ ಪಡೆದ ೫೫ ಮಂದಿಯಲ್ಲಿ ೪ ಜನರೂ, ಪಡೆಯದ ೫೨ ಮಂದಿಯಲ್ಲಿ ೧೪ ಜನರೂ ಮೃತಪಟ್ಟಿದ್ದರು. ಚೀಟಿಯೆತ್ತಿದಂತೆ ಹಂಚುವ ಈ ಕ್ರಮದ ಮರ್ಮವಿಷ್ಟೆ: ವಯಸ್ಸು, ಬಡತನ, ರೋಗದ ತೀವ್ರತೆ, ಮನಸ್ಸಿನ ಸ್ಥೈರ್ಯ ಮುಂತಾಗಿ ನಮಗೆ ತಿಳಿದ ಮತ್ತು ತಿಳಿಯದ ಎಲ್ಲ ಅಂಶಗಳೂ ಎರಡು ಗುಂಪುಗಳಲ್ಲಿ ಹೆಚ್ಚುಕಡಮೆ ಸಮನಾಗಿ ಹರಡಿಕೊಳ್ಳುತ್ತವೆ, ಉಳಿಯುವ ಭೇದ ಚಿಕಿತ್ಸೆಯೊಂದೇ.

ಈ ವಿಧಾನವು ಬಹುಬೇಗ ಭಾರತಕ್ಕೂ ಬಂದಿತು. ೧೯೫೬ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯರೋಗ ಚಿಕಿತ್ಸಾ ಕೇಂದ್ರವು ೧೯೩ ರೋಗಿಗಳನ್ನು ಇದೇ ರೀತಿ ಹಂಚಿ, ಬಡವರ ಮನೆಗಳಲ್ಲಿಯೇ ಕೊಟ್ಟ ಚಿಕಿತ್ಸೆಯು ಆರೋಗ್ಯಧಾಮದ ಚಿಕಿತ್ಸೆಗೆ ಸಾಟಿಯೆಂದು ೧೯೫೯ರಲ್ಲಿ ಪ್ರಕಟಿಸಿತು. ಹಾಸಿಗೆ, ಹಾಲು, ಹವೆಗಳಿಲ್ಲದೆ ಕ್ಷಯ ಗುಣವಾಗದೆಂಬ ಬಹುಕಾಲದ ನಂಬಿಕೆ ಅದರಿಂದ ಸಡಿಲವಾಯಿತು. ಜಗತ್ತಿನ ಕ್ಷಯಚಿಕಿತ್ಸೆಯ ಪದ್ಧತಿಯನ್ನೇ ಮಾರ್ಪಡಿಸಿದ ಈ ಕೆಲಸ ನಮ್ಮ ನೆರೆಯ ನಗರದಲ್ಲಿ ನಡೆದದ್ದೆಂಬುದನ್ನು ಇಲ್ಲಿ ಸ್ಮರಿಸುವುದು ಯುಕ್ತ.

ಔಷಧಗಳ ಮಾತಾಯಿತು, ಶಸ್ತ್ರಕ್ರಿಯೆಯ ಗತಿಯೇನು? ಮಾತ್ರೆಯನ್ನು ಹೋಲುವ ಹುಸಿಮಾತ್ರೆಯನ್ನು ಮಾಡಬಹುದು. ಶಸ್ತ್ರಕ್ರಿಯೆಯನ್ನು ಹೋಲುವ ಹುಸಿಶಸ್ತ್ರಕ್ರಿಯೆ ಉಂಟೆ? ಈ ಪ್ರಶ್ನೆಗೆ ಮೊದಲ ಉತ್ತರ ಹೃದ್ರೋಗದ ಕ್ಷೇತ್ರದಿಂದ ಬಂದಿತು. ಎದೆಯ ಗೋಡೆಯೊಳಗಿನ ಎರಡು ರಕ್ತನಾಳಗಳನ್ನು ಕಟ್ಟಿದರೆ ಹೃದಯಕ್ಕೆ ರಕ್ತ ಹೆಚ್ಚಾಗಿ ಹರಿದು ಎದೆನೋವು ಶಮನವಾಗುವುದೆಂಬ ಕಲ್ಪನೆ ೧೯೩೯ರಲ್ಲಿ ಇಟಲಿಯಲ್ಲಿ ಹುಟ್ಟಿ, ಐವತ್ತರ ದಶಕದಲ್ಲಿ ಅಮೆರಿಕದಲ್ಲಿ ಬಹಳ ಪ್ರಚಾರಕ್ಕೆ ಬಂದಿತು. ರೋಗಿಗಳು ಸಂತೋಷಪಟ್ಟರು, ವೈದ್ಯರೂ ಸಂತೋಷಪಟ್ಟರು. ೧೯೫೯ರಲ್ಲಿ ಸಿಯಾಟಲ್ ನಗರದ ಲೆನರ್ಡ್ ಕಾಬ್ ಮತ್ತು ಸಂಗಡಿಗರು ೧೭ ರೋಗಿಗಳಲ್ಲಿ ೮ ಮಂದಿಗೆ ನಾಳವನ್ನು ಕಟ್ಟಿ, ೯ ಮಂದಿಗೆ ಚರ್ಮವನ್ನು ಮಾತ್ರ ಸೀಳಿ ಹೊಲಿದರು. ಎರಡು ಗುಂಪುಗಳೂ ಒಂದೇ ಬಗೆಯಾಗಿ ಸುಧಾರಿಸಿದುವು. ಮರುವರ್ಷ ಕ್ಯಾನ್ಸಸ್‌ನಲ್ಲಿ ನಡೆದ ಇನ್ನೊಂದು ಪರೀಕ್ಷೆಯೂ ಇದನ್ನೇ ಹೇಳಿತು. ಆ ಶಸ್ತ್ರಕ್ರಿಯೆ ಬಹುಬೇಗ ಮರೆಯಾಯಿತು. ಆದರೆ ಸಿಯಾಟಲಿನ ರೋಗಿಗಳಿಗೆ ಹುಸಿಶಸ್ತ್ರಕ್ರಿಯೆಯ ಸಂಗತಿಯನ್ನು ತಿಳಿಸಿರಲಿಲ್ಲ. ಸತ್ಯವನ್ನು ಕಂಡುಕೊಳ್ಳುವುದಕ್ಕಾಗಿ ರೋಗಿಯಿಂದ ಸತ್ಯವನ್ನು ಮರೆಮಾಡಬಹುದೇ ಎಂಬ ಧರ್ಮಸೂಕ್ಷ್ಮ ಹಾಗೆಯೇ ಉಳಿಯಿತು.

೩. ಮಂಡಿಯೊಳಕ್ಕೆ ದೃಷ್ಟಿ

ಸವೆದ ಮಂಡಿಯನ್ನು ತೆರೆದು, ಸಡಿಲವಾದ ಚೂರುಗಳನ್ನೂ ಮೂಳೆಯ ಮೊಳೆಗಳನ್ನೂ ತೆಗೆದು ಒರಟಾದುದನ್ನು ನಯಗೊಳಿಸಿದರೆ ನೋವು ತಗ್ಗುವುದೆಂಬ ವಿಚಾರ ಬಹಳ ಹಿಂದಿನದು. ಅಮೆರಿಕದ ಪಾಲ್ ಮ್ಯಾಗ್ನುಸನ್ ೧೯೪೧ರಲ್ಲಿ ಇದನ್ನು ಒಂದು ಕ್ರಮಬದ್ಧ ಶಸ್ತ್ರಕ್ರಿಯೆಯಾಗಿ ವರ್ಣಿಸಿದರು. ಮನೆಯನ್ನು ಗುಡಿಸಿದಂತೆ ಕೀಲನ್ನು ಗುಡಿಸುವ ಈ ಕಲ್ಪನೆ ಸರಳವಾದುದು, ಯಾರ ಮನಸ್ಸಿಗಾದರೂ ಒಪ್ಪುವಂಥದು. ಆದರೆ ಮಂಡಿಯನ್ನು ಅಗಲವಾಗಿ ಸೀಳಬೇಕಾದುದರಿಂದ ರೋಗಿಗೆ ಕಷ್ಟ ಹೆಚ್ಚು.

ಈ ಕಷ್ಟವನ್ನು ನೀಗಿಸಿದುದು ಆರ್ಥ್ರೋಸ್ಕೋಪ್ ಎಂಬ ಕೀಲುದರ್ಶಕ ಯಂತ್ರ. ೧೯೧೮ರಲ್ಲಿ ಟೋಕಿಯೋ ನಗರದ ಕೆಂಜಿ ಟಕಾಗಿ ಮೂತ್ರಕೋಶವನ್ನು ನೋಡುವ ನಳಿಕೆಯಿಂದ ಮೃತದೇಹದ ಮಂಡಿಯೊಳಗನ್ನು ನೋಡಿದರು. ಅವರ ಶಿಷ್ಯ ಮಸಾಕಿ ವಟನಬೆ ಯಂತ್ರವನ್ನು ಮತ್ತೆ ಮತ್ತೆ ತಿದ್ದಿ, ೧೯೬೨ರಲ್ಲಿ ಹರಿದ ಅರ್ಧಚಂದ್ರ ಮೆತ್ತೆಯ ಭಾಗವೊಂದನ್ನು ಕೀಲು ತೆರೆಯದೆಯೇ ಕತ್ತರಿಸಿ ತೆಗೆದರು. ಟೊರಾಂಟೊದ ರಾಬರ್ಟ್ ಜ್ಯಾಕ್ಸನ್ ಅರವತ್ತರ ದಶಕದ ನಡುವೆ ಟೋಕಿಯೋಗೆ ಹೋಗಿ ವಟನಬೆಯವರಲ್ಲಿ ಈ ವಿದ್ಯೆಯನ್ನು ಕಲಿತು ಉತ್ತರ ಅಮೆರಿಕಕ್ಕೆ ತಂದರು. ಗುಂಡಿಯ ಕಾಜಿನಷ್ಟು ಚಿಕ್ಕ ರಂಧ್ರಗಳ ಮೂಲಕ ಒಳಗೆ ನೋಡಿ, ಉಪ್ಪುನೀರಿನಿಂದ ತೊಳೆದು, ಒರಟನ್ನು ಕೆರೆದು, ರೋಗಿಯನ್ನು ಬೇಗ ಮನೆಗೆ ಕಳಿಸುವ ಈ ಕ್ರಮ ಎಲ್ಲೆಡೆ ಹಬ್ಬಿತು. ತೊಂಬತ್ತರ ದಶಕದ ಕೊನೆಯ ವೇಳೆಗೆ ಅಮೆರಿಕವೊಂದರಲ್ಲಿಯೇ ವರ್ಷಕ್ಕೆ ಆರೂವರೆ ಲಕ್ಷಕ್ಕೂ ಮಿಕ್ಕಿ ಇಂಥ ಶಸ್ತ್ರಕ್ರಿಯೆಗಳು, ಒಂದೊಂದಕ್ಕೆ ಸುಮಾರು ೫,೦೦೦ ಡಾಲರುಗಳ ವೆಚ್ಚದಲ್ಲಿ ನಡೆಯುತ್ತಿದ್ದುವು. ಮಾಡಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ತಮಗೆ ನೋವು ಕಡಮೆಯಾಯಿತೆಂದು ಹೇಳುತ್ತಿದ್ದರು. ಹೋಲಿಕೆಯ ಗುಂಪಿಲ್ಲದ ಈ ವರದಿಗಳು ಶಸ್ತ್ರವೈದ್ಯರೇ ಬರೆದ ಪ್ರಶಸ್ತಿಶಾಸನಗಳಂತಿದ್ದುವೆಂದರೆ ತಪ್ಪಾಗಲಾರದು. ಅವುಗಳಲ್ಲಿ ಅಪ್ರಾಮಾಣಿಕತೆಯಿರಲಿಲ್ಲ, ಎದುರುಪಕ್ಷದ ಸಾಕ್ಷ್ಯ ಮಾತ್ರ ಇರಲಿಲ್ಲ.

೪. ಹ್ಯೂಸ್ಟನ್ನಿನ ಪ್ರಯೋಗ

ಅಮೆರಿಕದ ಟೆಕ್ಸಸ್ ಪ್ರಾಂತದ ಹ್ಯೂಸ್ಟನ್ನಿನಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಯೊಂದಿದೆ. ಅಲ್ಲಿನ ಶಸ್ತ್ರವೈದ್ಯ ಬ್ರೂಸ್ ಮೋಸ್ಲೀ, ಮಂಡಿಯನ್ನು ಬರಿದೆ ತೊಳೆಯುವುದು ಮತ್ತು ಕೆರೆದು ನಯಗೊಳಿಸುವುದು ಎಂಬ ಎರಡು ಕ್ರಮಗಳಲ್ಲಿ ಯಾವುದು ಮೇಲೆಂದು ಪರೀಕ್ಷಿಸಬೇಕೆಂದಿದ್ದರು. ಎರಡೂ ಅಲ್ಲದ ಮೂರನೆಯ ಗುಂಪೊಂದು, ಎಂದರೆ ಹುಸಿಶಸ್ತ್ರಕ್ರಿಯೆಯ ಗುಂಪು, ಇರಬೇಕೆಂದು ಸೂಚಿಸಿದವರು ಅದೇ ಸಂಸ್ಥೆಯ ವೈದ್ಯೆ ನೆಲ್ಡಾ ರೇ. ಹತ್ತು ಮಂದಿ ರೋಗಿಗಳ ಮೇಲೆ ನಡೆಸಿದ ಪೂರ್ವಪರೀಕ್ಷೆ ೧೯೯೬ರಲ್ಲಿ ಪ್ರಕಟವಾಯಿತು. ೧೮೦ ರೋಗಿಗಳ ಪೂರ್ಣಪ್ರಯೋಗ ೨೦೦೨ರ ಜುಲೈ ತಿಂಗಳಲ್ಲಿ ಬೆಳಕು ಕಂಡಿತು.

ಈ ಪ್ರಯೋಗದ ನಡೆಯನ್ನು ಕೊಂಚ ವಿವರವಾಗಿ ಹೇಳುವುದು ಅವಶ್ಯಕ. ಅರ್ಹರಾದ ೩೨೪ ರೋಗಿಗಳಿಗೆ ಎಲ್ಲವನ್ನೂ ಬಿಚ್ಚಿ ಹೇಳಲಾಯಿತು. ತಮಗೆ ದೊರೆಯುವುದು ಹುಸಿಶಸ್ತ್ರಕ್ರಿಯೆಯೇ ಆಗಿರಬಹುದು, ಆಗ ಕೀಲಿನೊಳಗೆ ಏನನ್ನೂ ಮಾಡಲಾಗುವುದಿಲ್ಲ, ಅದರಿಂದ ತಮ್ಮ ರೋಗಕ್ಕೆ ಪ್ರಯೋಜನವಾಗದು ಎಂಬುದನ್ನು ಪ್ರತಿಯೊಬ್ಬ ರೋಗಿಯೂ ತನ್ನ ಕೈಯಿಂದಲೇ ದಾಖಲೆಯಲ್ಲಿ ಬರೆಯಬೇಕಾಗಿತ್ತು. ೧೪೪ ಮಂದಿ ನಿರಾಕರಿಸಿದರು. ಉಳಿದ ೧೮೦ ಮಂದಿ ಒಪ್ಪಿದರು. ಸಿಯಾಟಲಿನ ಪ್ರಯೋಗಕ್ಕೂ ಇದಕ್ಕೂ ನಡುವೆ ಸಂದ ನಾಲ್ಕು ದಶಕಗಳಲ್ಲಿ ವೈದ್ಯಧರ್ಮವು ನಡೆದು ಬಂದ ದೂರ ಇದರಿಂದ ವ್ಯಕ್ತವಾಗುತ್ತದೆ.

ಶಸ್ತ್ರಾಗಾರಕ್ಕೆ ರೋಗಿ ಬಂದ ಮೇಲೆಯೇ ಮುದ್ರೆಯ ಲಕೋಟೆಯನ್ನು ಒಡೆಯಲಾಗುತ್ತಿತ್ತು. ಹುಸಿಗುಂಪಿಗೆ ಸೇರಿದ ರೋಗಿಗೆ ಮಂಪರು ಬರುವ ಔಷಧವನ್ನು ಕೊಟ್ಟು, ಮಂಡಿಯ ಮೇಲೆ ಒಂದೊಂದು ಸೆಂಟಿಮೀಟರಿನ ಮೂರು ಗಾಯಗಳನ್ನು ಮಾಡಲಾಗುತ್ತಿತ್ತು. ಯಂತ್ರವನ್ನು ಒಳಕ್ಕೆ ತೂರಿಸುತ್ತಿರಲಿಲ್ಲ. ಆದರೆ ವೈದ್ಯನು ನಿಜವಾದ ಕ್ರಿಯೆಯಲ್ಲಿ ಕೇಳುವಂತೆಯೇ ಎಲ್ಲ ಉಪಕರಣಗಳನ್ನೂ ಕೇಳಿ ಪಡೆದು, ಕಾಲನ್ನು ಮಡಿಸಿ ತಿರುಗಿಸಿ, ತೊಳೆಯುವ ಸದ್ದಾಗುವಂತೆ ನೀರನ್ನು ಚಿಮ್ಮಿಸಿ, ಅಷ್ಟೇ ಹೊತ್ತು ಅಲ್ಲಿ ಇರಿಸಿಕೊಂಡು ಗಾಯವನ್ನು ಮುಚ್ಚುತ್ತಿದ್ದನು. ರೋಗಿ ಆ ರಾತ್ರಿ ಆಸ್ಪತ್ರೆಯಲ್ಲಿಯೇ ಕಳೆಯುತ್ತಿದ್ದನು. ಶುಶ್ರೂಷೆಮಾಡುವ ದಾದಿಯರಿಗೂ ಯಾರು ಯಾವ ಗುಂಪಿನವರೆಂದು ತಿಳಿದಿರಲಿಲ್ಲ. ಎಲ್ಲ ಶಸ್ತ್ರಕ್ರಿಯೆಗಳನ್ನೂ ಮಾಡಿದವರು ಒಬ್ಬರೇ ವೈದ್ಯರು. ಮುಂದೆ ರೋಗಿಗಳನ್ನು ಪ್ರಶ್ನಿಸಿ ನೋವನ್ನು ಅಳೆದವರಿಗೂ ಗುಂಪಿನ ಸಂಗತಿ ಗೊತ್ತಿರಲಿಲ್ಲ.

ಎರಡು ವರ್ಷಗಳ ಕೊನೆಗೆ ನೂರು ಅಂಕಗಳ ನೋವಿನ ಮಾನದಂಡದಲ್ಲಿ ಹುಸಿಶಸ್ತ್ರಕ್ರಿಯೆಯವರ ಸರಾಸರಿ ೫೧.೬, ತೊಳೆಸಿಕೊಂಡವರದು ೫೩.೭, ಕೆರೆಸಿಕೊಂಡವರದು ೫೧.೪. ನಡುವಣ ಯಾವ ಅಳತೆಯಲ್ಲಿಯೂ ನಿಜವಾದ ಶಸ್ತ್ರಕ್ರಿಯೆಯ ಗುಂಪುಗಳು ಹುಸಿಗುಂಪಿಗಿಂತ ಮೇಲಾಗಿರಲಿಲ್ಲ. ಲಕ್ಷಾಂತರ ಮಂಡಿಗಳಲ್ಲಿ ನೋವನ್ನು ತಗ್ಗಿಸಿತೆಂದು ಎಲ್ಲರೂ ಭಾವಿಸಿದ್ದ ಕೈಚಳಕದ ಭಾಗ, ಆ ತಗ್ಗಿಕೆಗೆ ಕಾರಣವೇ ಆಗಿರಲಿಲ್ಲವೆಂದು ತೋರಿಬಂದಿತು. ಇಲ್ಲಿ ಒಂದು ಐತಿಹಾಸಿಕ ಯೋಗಾಯೋಗವನ್ನು ಗಮನಿಸಬಹುದು. ಕೀಲನ್ನು ಗುಡಿಸುವ ಕ್ರಮವನ್ನು ೧೯೪೧ರಲ್ಲಿ ಪ್ರತಿಪಾದಿಸಿದ ಮ್ಯಾಗ್ನುಸನ್ ೧೯೪೮ರಿಂದ ೧೯೫೧ರವರೆಗೆ ಅದೇ ಸೈನಿಕಾಸ್ಪತ್ರೆಗಳ ಇಲಾಖೆಗೆ ಮುಖ್ಯ ವೈದ್ಯಾಧಿಕಾರಿಯಾಗಿದ್ದವರು.

೫. ಆಕ್ಷೇಪ ಮತ್ತು ಸಮಾಧಾನ

ಆಕ್ಷೇಪಗಳು ಕೂಡಲೇ ಎದ್ದುವು. ಅವುಗಳಲ್ಲಿ ಕೆಲವು ಯುಕ್ತವಾಗಿಯೂ ಇದ್ದುವು. ರೋಗಿಗಳೆಲ್ಲ ಒಂದೇ ಆಸ್ಪತ್ರೆಯವರು, ಬಹುಪಾಲು ಗಂಡಸರು; ವೈದ್ಯರು ಒಬ್ಬರೇ; ನೋವಿನ ಅಳತೆಗೆ ಬಳಸಿದ ಮಾನದಂಡ ಅವರೇ ರೂಪಿಸಿದ್ದು; ಅರ್ಹರಲ್ಲಿ ನೂರಕ್ಕೆ ೪೪ ಮಂದಿ ಹೊರಗುಳಿದರು. ಇತಿಹಾಸದಲ್ಲಿಯೂ ಒಂದೇ ಶಾಸನದ ಬಲದಿಂದ ರಾಜವಂಶದ ಕಥೆಯನ್ನೆಲ್ಲ ತಿದ್ದಿಬರೆಯುವುದು ಸಾಹಸವೇ. ಸ್ವತಂತ್ರವಾದ ಎರಡನೆಯ ಸಾಕ್ಷ್ಯ ಬೇಕು.

ಅದು ಕೆನಡಾದ ಒಂಟಾರಿಯೊ ಪ್ರಾಂತದ ಲಂಡನ್ ನಗರದಿಂದ ಬಂದಿತು. ಅಲ್ಲಿನ ಶಸ್ತ್ರವೈದ್ಯೆ ಅಲೆಕ್ಸಾಂಡ್ರಾ ಕರ್ಕ್‌ಲೀ ಆರಂಭಿಸಿದ ಪ್ರಯೋಗದಲ್ಲಿ ಹುಸಿಶಸ್ತ್ರಕ್ರಿಯೆಯಿರಲಿಲ್ಲ. ಒಂದು ಗುಂಪಿಗೆ ವ್ಯಾಯಾಮ ಮತ್ತು ಔಷಧ, ಇನ್ನೊಂದಕ್ಕೆ ಅವೆರಡರೊಡನೆ ಶಸ್ತ್ರಕ್ರಿಯೆ. ೨೦೦೨ರಲ್ಲಿ ವಿಮಾನಾಪಘಾತವೊಂದರಲ್ಲಿ ಕರ್ಕ್‌ಲೀ ತೀರಿಕೊಂಡರು. ಸಹೋದ್ಯೋಗಿಗಳು ಕೆಲಸವನ್ನು ಮುಂದುವರಿಸಿ ೨೦೦೮ರಲ್ಲಿ ಅವರ ಹೆಸರನ್ನೇ ಮೊದಲಿಟ್ಟು ಫಲಿತಾಂಶವನ್ನು ಪ್ರಕಟಿಸಿದರು. ೧೮೮ ರೋಗಿಗಳಲ್ಲಿ ಎರಡು ವರ್ಷಗಳ ತರುವಾಯ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ವಿಧಾನ ಬೇರೆ, ದೇಶ ಬೇರೆ, ಮಾನದಂಡ ಬೇರೆ. ತೀರ್ಮಾನ ಮಾತ್ರ ಒಂದೇ.

ಮೂರನೆಯ ಸಾಕ್ಷ್ಯ ಫಿನ್ಲೆಂಡಿನದು. ಸಂಧಿವಾತದ ಲಕ್ಷಣಗಳಿಲ್ಲದೆ, ವಯಸ್ಸಿನಿಂದ ಅರ್ಧಚಂದ್ರ ಮೆತ್ತೆ ಮಾತ್ರ ಹರಿದ ೧೪೬ ರೋಗಿಗಳನ್ನು ಅಲ್ಲಿನ ಐದು ಆಸ್ಪತ್ರೆಗಳಲ್ಲಿ ಹಂಚಿ, ಅರ್ಧದಷ್ಟು ಮಂದಿಗೆ ಹರಿದ ಭಾಗವನ್ನು ಕತ್ತರಿಸಿ, ಉಳಿದವರಿಗೆ ಕತ್ತರಿಸಿದಂತೆ ನಟಿಸಲಾಯಿತು. ೨೦೧೩ರ ಡಿಸೆಂಬರಿನಲ್ಲಿ ಪ್ರಕಟವಾದ ಅದರ ಫಲಿತಾಂಶವೂ ಸಮಸಮ. ಕಡೆಗೆ ೨೦೧೭ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ, ರೋಗಿಗಳೂ ಸದಸ್ಯರಾಗಿದ್ದ ಮಂಡಲಿಯೊಂದು, ಸವಕಳಿಯ ಮಂಡಿರೋಗವುಳ್ಳ ಬಹುತೇಕ ಎಲ್ಲರಲ್ಲಿಯೂ ಈ ಕ್ರಿಯೆಯನ್ನು ಮಾಡಕೂಡದೆಂದು ಬಲವಾಗಿ ಶಿಫಾರಸುಮಾಡಿತು. ಹ್ಯೂಸ್ಟನ್ನಿನಿಂದ ಅಲ್ಲಿಗೆ ಹದಿನೈದು ವರ್ಷ. ಜ್ಞಾನ ಹುಟ್ಟುವುದಕ್ಕೂ ರೂಢಿ ಬದಲಾಗುವುದಕ್ಕೂ ನಡುವಣ ಈ ಕಾಲಾಂತರದಲ್ಲಿ ಎಷ್ಟೋ ಮಂಡಿಗಳು ನಿಷ್ಪ್ರಯೋಜಕವಾಗಿ ಶಸ್ತ್ರಕ್ಕೆ ಗುರಿಯಾದುವು. ಪೆಟ್ಟಿನಿಂದ ತರುಣರ ಮಂಡಿಯಲ್ಲಿ ಆಗುವ ಹರಿತಗಳಿಗೆ ಈ ತೀರ್ಮಾನ ಅನ್ವಯಿಸದೆಂಬುದನ್ನೂ ಇಲ್ಲಿಯೇ ಹೇಳಬೇಕು. ಪ್ರಮಾಣವು ತಾನು ಪರೀಕ್ಷಿಸಿದ ಸಂಗತಿಗೆ ಮಾತ್ರ ಪ್ರಮಾಣ.

೬. ಮಾತ್ರೆಗಳು ಮತ್ತು ಸೂಜಿಮದ್ದುಗಳು

ಗ್ಲೂಕೊಸಮೀನ್ ಮತ್ತು ಕಾಂಡ್ರಾಯ್ಟಿನ್ ಎಂಬ ಎರಡು ಪದಾರ್ಥಗಳು ಮೃದ್ವಸ್ಥಿಯ ಘಟಕಗಳಿಗೆ ಸಂಬಂಧಿಸಿದುವು. ಕಳೆದುಹೋದುದನ್ನು ತಿಂದು ತುಂಬಿಕೊಳ್ಳಬಹುದೆಂಬ ತರ್ಕದಿಂದ ಇವು ಜಗತ್ತಿನಾದ್ಯಂತ ಮಾರಾಟವಾದುವು. ಅಮೆರಿಕದಲ್ಲಿ ೧,೫೮೩ ರೋಗಿಗಳನ್ನು ಐದು ಗುಂಪುಮಾಡಿ ಇಪ್ಪತ್ನಾಲ್ಕು ವಾರ ನಡೆಸಿದ ಪ್ರಯೋಗದ ಫಲ ೨೦೦೬ರಲ್ಲಿ ಹೊರಬಂದಿತು. ನೋವು ಐದರಲ್ಲೊಂದು ಪಾಲಾದರೂ ತಗ್ಗಿದವರ ಪ್ರಮಾಣ ಗ್ಲೂಕೊಸಮೀನ್ ಗುಂಪಿನಲ್ಲಿ ನೂರಕ್ಕೆ ೬೪.೦, ಕಾಂಡ್ರಾಯ್ಟಿನ್ ಗುಂಪಿನಲ್ಲಿ ೬೫.೪, ಎರಡನ್ನೂ ಸೇವಿಸಿದವರಲ್ಲಿ ೬೬.೬, ಸೆಲಿಕಾಕ್ಸಿಬ್ ಎಂಬ ನೋವುಶಾಮಕದಲ್ಲಿ ೭೦.೧. ಇವನ್ನು ಮಾತ್ರ ಓದಿದವರು ಎಲ್ಲವೂ ದಿವ್ಯೌಷಧಗಳೆಂದೇ ಭಾವಿಸಿಯಾರು. ಆದರೆ ಹುಸಿಮಾತ್ರೆ ನುಂಗಿದವರಲ್ಲಿಯೂ ನೂರಕ್ಕೆ ೬೦.೧ ಮಂದಿ ಅಷ್ಟೇ ಗುಣಹೊಂದಿದ್ದರು. ನೋವುಶಾಮಕವೊಂದೇ ಈ ಮಟ್ಟವನ್ನು ಸಂದೇಹಕ್ಕೆಡೆಯಿಲ್ಲದಂತೆ ದಾಟಿತು. ಹೆಚ್ಚು ನೋವಿದ್ದ ಸಣ್ಣ ಉಪಗುಂಪಿನಲ್ಲಿ ಜೋಡಿಮಾತ್ರೆಯಿಂದ ಪ್ರಯೋಜನ ಕಂಡಿತಾದರೂ, ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಬಾರದಿದ್ದಾಗ ಒಳಗುಂಪುಗಳಲ್ಲಿ ಹುಡುಕಿ ತೆಗೆದ ಉತ್ತರವನ್ನು ಹೊಸ ಪ್ರಶ್ನೆಯೆಂದು ಎಣಿಸಬೇಕೇ ಹೊರತು ತೀರ್ಪೆಂದಲ್ಲ.

ನೋವುಶಾಮಕಗಳ ಇತಿಹಾಸದಲ್ಲಿಯೂ ಎಚ್ಚರಿಕೆಯ ಅಧ್ಯಾಯವೊಂದುಂಟು. ಹೊಟ್ಟೆಗೆ ಹಾನಿಮಾಡದ ನೋವುಶಾಮಕವೆಂದು ೧೯೯೯ರಲ್ಲಿ ಬಂದ ರೊಫೆಕಾಕ್ಸಿಬ್, ದೀರ್ಘಕಾಲ ಸೇವಿಸಿದವರಲ್ಲಿ ಹೃದಯಾಘಾತವನ್ನೂ ಮಿದುಳಿನ ಆಘಾತವನ್ನೂ ಹೆಚ್ಚಿಸುವುದೆಂದು ಇನ್ನೊಂದು ರೋಗಕ್ಕಾಗಿ ನಡೆಸಿದ ಪ್ರಯೋಗದಲ್ಲಿ ಖಚಿತವಾಯಿತು. ೨೦೦೪ರ ಸೆಪ್ಟೆಂಬರ್ ೩೦ರಂದು ತಯಾರಕರೇ ಅದನ್ನು ಹಿಂದೆಗೆದುಕೊಂಡರು. ಭಾರತ ಸರ್ಕಾರವೂ ಅದೇ ವರ್ಷ ನಿಷೇಧಿಸಿತು. ನೋವನ್ನು ತಗ್ಗಿಸುವುದೆಂಬುದು ನಿಜವಾಗಿದ್ದರೂ ಅಷ್ಟೇ ಸಾಲದೆಂಬುದಕ್ಕೆ ಇದು ನಿದರ್ಶನ.

ಕೀಲಿನೊಳಕ್ಕೆ ಸ್ಟೀರಾಯ್ಡ್ ಚುಚ್ಚುವ ಪದ್ಧತಿ ೧೯೫೧ರಲ್ಲಿ ಫಿಲಡೆಲ್ಫಿಯದ ಹಾಲೆಂಡರ್ ಅವರ ವರದಿಯಿಂದ ಪ್ರಚಾರಕ್ಕೆ ಬಂದಿತು. ಕೆಲವು ವಾರಗಳ ಮಟ್ಟಿಗೆ ಇದರಿಂದ ಉಪಶಮನವುಂಟು. ಆದರೆ ಮೂರು ತಿಂಗಳಿಗೊಮ್ಮೆ ಎರಡು ವರ್ಷಗಳ ಕಾಲ ೧೪೦ ರೋಗಿಗಳಿಗೆ ಸ್ಟೀರಾಯ್ಡನ್ನೋ ಉಪ್ಪುನೀರನ್ನೋ ಚುಚ್ಚಿ ನೋಡಿದ ಪ್ರಯೋಗವು, ಮುಂದಿನ ಸೂಜಿಯ ವೇಳೆಗೆ ಅಳೆದ ನೋವಿನಲ್ಲಿ ಅಂತರವಿಲ್ಲವೆಂದೂ, ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿ ಹೆಚ್ಚು ತೆಳುವಾಯಿತೆಂದೂ ೨೦೧೭ರಲ್ಲಿ ತಿಳಿಸಿತು. ತಾತ್ಕಾಲಿಕ ಹಿತವೂ ಶಾಶ್ವತ ಹಿತವೂ ಒಂದೇ ಅಲ್ಲ.

೭. ಹಿತ್ತಲ ಗಿಡ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ವ್ಯಾಯಾಮದ ವಿಷಯದಲ್ಲಿ ಅಕ್ಷರಶಃ ಸತ್ಯವಾಗಿದೆ. ತೊಡೆಯ ಸ್ನಾಯುಗಳನ್ನು ಬಲಪಡಿಸುವುದು, ನಡೆಯುವುದು, ತೂಕವನ್ನು ಇಳಿಸುವುದು ಇವು ಬೆಲೆಯಿಲ್ಲದ ಉಪಾಯಗಳು. ಆದುದರಿಂದಲೇ ಯಾರ ಗಮನಕ್ಕೂ ಬೀಳವು. ೧೯೯೭ರಲ್ಲಿ ೪೩೯ ಮಂದಿ ವೃದ್ಧರ ಮೇಲೆ ನಡೆಸಿದ ಪ್ರಯೋಗದಲ್ಲಿ ನಡಿಗೆಯೂ ಸ್ನಾಯುಬಲದ ವ್ಯಾಯಾಮವೂ ಬರಿಯ ತಿಳಿವಳಿಕೆಯ ಪಾಠಕ್ಕಿಂತ ಹಿತವೆಂದು ಕಂಡುಬಂದಿತು. ೨೦೧೩ರಲ್ಲಿ ಉತ್ತರ ಕ್ಯಾರೊಲಿನಾದ ಸ್ಟೀಫನ್ ಮೆಸಿಯರ್ ಮತ್ತು ಸಂಗಡಿಗರು ೪೫೪ ಮಂದಿ ಸ್ಥೂಲಕಾಯರಲ್ಲಿ ಹದಿನೆಂಟು ತಿಂಗಳು ಪರೀಕ್ಷಿಸಿ, ಪಥ್ಯವೂ ವ್ಯಾಯಾಮವೂ ಕೂಡಿದಾಗ ವ್ಯಾಯಾಮವೊಂದಕ್ಕಿಂತ ನೋವು ಹೆಚ್ಚು ತಗ್ಗುವುದೆಂದು ತೋರಿಸಿದರು. ತೂಕದ ಮಹತ್ವಕ್ಕೆ ಇತ್ತೀಚಿನ ಸಾಕ್ಷ್ಯ ೨೦೨೪ರದು: ಹಸಿವನ್ನು ತಗ್ಗಿಸುವ ಸೆಮಾಗ್ಲುಟೈಡ್ ಔಷಧವನ್ನು ೬೮ ವಾರ ಪಡೆದ ಸ್ಥೂಲಕಾಯದ ರೋಗಿಗಳ ತೂಕ ನೂರಕ್ಕೆ ೧೩.೭ರಷ್ಟು ಇಳಿದು, ಹುಸಿಮದ್ದು ಪಡೆದವರಿಗಿಂತ ಅವರ ಮಂಡಿನೋವು ಸ್ಪಷ್ಟವಾಗಿ ಕಡಮೆಯಾಗಿತ್ತು.

ನಮ್ಮ ನಾಡಿನಲ್ಲಿಯೂ ಪರೀಕ್ಷೆಗಳು ನಡೆದಿವೆ. ಬೆಂಗಳೂರಿನಲ್ಲಿ ಜಾನ್ ಎಬ್ನೇಜರ್, ನಾಗರತ್ನ, ನಾಗೇಂದ್ರ ಮೊದಲಾದವರು ೩೫ರಿಂದ ೮೦ ವರ್ಷ ವಯಸ್ಸಿನ ೨೫೦ ರೋಗಿಗಳನ್ನು ಎರಡು ಗುಂಪುಗಳಾಗಿ ಹಂಚಿ, ಯೋಗಚಿಕಿತ್ಸೆಯನ್ನು ಸಾಮಾನ್ಯ ವ್ಯಾಯಾಮಚಿಕಿತ್ಸೆಯೊಡನೆ ಹೋಲಿಸಿ, ಯೋಗದ ಗುಂಪು ಮೇಲಾಯಿತೆಂದು ೨೦೧೧ರಿಂದ ಮೊದಲ್ಗೊಂಡು ವರದಿಮಾಡಿದರು. ಪುಣೆಯ ಅರವಿಂದ ಚೋಪ್ರಾ ಮತ್ತು ಸಂಗಡಿಗರು ೪೪೦ ರೋಗಿಗಳಲ್ಲಿ ಆಯುರ್ವೇದದ ಸಂಯೋಗಗಳನ್ನು ಗ್ಲೂಕೊಸಮೀನ್ ಮತ್ತು ಸೆಲಿಕಾಕ್ಸಿಬ್‌ಗಳೊಡನೆ ತೂಗಿ, ಅವು ಸರಿಸಮವೆಂದು ೨೦೧೩ರಲ್ಲಿ ಪ್ರಕಟಿಸಿದರು. ಸ್ವದೇಶೀಯವಾದ ವಿದ್ಯೆಯು ಪರೀಕ್ಷೆಗೆ ಅಂಜದೆ ನಿಂತದ್ದು ಅಭಿಮಾನದ ಸಂಗತಿ. ಆದರೆ ಅಭಿಮಾನವು ವಿಮರ್ಶೆಗೆ ರಿಯಾಯತಿಯನ್ನು ಕೇಳಬಾರದು. ಯೋಗಮಾಡುವವನಿಗೆ ತಾನು ಯೋಗಮಾಡುತ್ತಿರುವೆನೆಂಬುದನ್ನು ಮರೆಮಾಡುವಂತಿಲ್ಲ. ಆದುದರಿಂದ ನಿರೀಕ್ಷೆಯ ಫಲವನ್ನು ಅಲ್ಲಿ ಕಳೆಯಲಾಗುವುದಿಲ್ಲ. ಪುಣೆಯ ಪ್ರಯೋಗದಲ್ಲಿ ಹುಸಿಮಾತ್ರೆಯ ಗುಂಪಿರಲಿಲ್ಲ. ಹುಸಿಮಾತ್ರೆಗೆ ಸಮನಾದ ಔಷಧಕ್ಕೆ ಇನ್ನೊಂದು ಸಮನೆಂದರೆ ನಮಗೆ ದೊರೆಯುವ ಜ್ಞಾನ ಪರಿಮಿತವಾದುದು. ಹ್ಯೂಸ್ಟನ್ನಿಗೆ ಅನ್ವಯಿಸಿದ ಮಾನದಂಡ ಬೆಂಗಳೂರಿಗೂ ಪುಣೆಗೂ ಅನ್ವಯಿಸಬೇಕು.

೮. ಕೀಲುಬದಲಿಕೆ

ಇಷ್ಟನ್ನು ಓದಿ, ಮಂಡಿಗೆ ಶಸ್ತ್ರಕ್ರಿಯೆಯೇ ವ್ಯರ್ಥವೆಂದು ವಾಚಕರು ತೀರ್ಮಾನಿಸಿದರೆ ಅದು ಇನ್ನೊಂದು ಅತಿರೇಕ. ರೋಗವು ಮುಂದುವರಿದು ನಡಿಗೆಯೇ ಅಸಾಧ್ಯವಾದಾಗ ಸವೆದ ಮೇಲ್ಮೈಗಳನ್ನು ತೆಗೆದು ಲೋಹ ಮತ್ತು ಪ್ಲಾಸ್ಟಿಕ್ಕಿನ ಕೀಲನ್ನು ಕೂಡಿಸುವ ಕ್ರಮ ಎಪ್ಪತ್ತರ ದಶಕದಲ್ಲಿ ಬೆಳೆದುಬಂದಿತು. ಅದು ಲಕ್ಷಾಂತರ ಜನರಿಗೆ ಆಸರೆಯಾದರೂ ನಿಯಂತ್ರಿತ ಪ್ರಯೋಗಕ್ಕೆ ಒಳಪಟ್ಟುದು ಬಹಳ ತಡವಾಗಿ. ಡೆನ್ಮಾರ್ಕಿನಲ್ಲಿ ನೂರು ರೋಗಿಗಳನ್ನು ಹಂಚಿ ನಡೆಸಿದ ಪರೀಕ್ಷೆ ೨೦೧೫ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ, ನೂರರ ಮಾನದಂಡದಲ್ಲಿ, ಕೀಲು ಬದಲಿಸಿಕೊಂಡು ವ್ಯಾಯಾಮಾದಿಗಳನ್ನೂ ಮಾಡಿದವರು ೩೨.೫ ಅಂಕಗಳಷ್ಟು ಸುಧಾರಿಸಿದರು. ವ್ಯಾಯಾಮಾದಿಗಳನ್ನು ಮಾತ್ರ ಮಾಡಿದವರು ೧೬ ಅಂಕ. ಶಸ್ತ್ರಕ್ರಿಯೆಯ ಮೇಲ್ಮೆ ಸ್ಪಷ್ಟವಾಯಿತು. ಆದರೆ ಗಂಭೀರವಾದ ಉಪದ್ರವಗಳು ಮೊದಲ ಗುಂಪಿನಲ್ಲಿ ೨೪, ಎರಡನೆಯದರಲ್ಲಿ ೬; ಎರಡನೆಯ ಗುಂಪಿನ ಐವತ್ತು ಮಂದಿಯಲ್ಲಿ ಆ ವರ್ಷದೊಳಗೆ ಶಸ್ತ್ರಕ್ರಿಯೆಯನ್ನು ಬಯಸಿ ಹೋದವರು ೧೩ ಮಂದಿ ಮಾತ್ರ. ಹೆಚ್ಚಿನ ಹಿತ, ಹೆಚ್ಚಿನ ಅಪಾಯ, ಕಾಯಲು ಅವಕಾಶ ಎಂಬ ಮೂರನ್ನೂ ರೋಗಿಯ ಮುಂದೆ ಇಟ್ಟು ಆಯ್ಕೆಯನ್ನು ಅವನಿಗೆ ಬಿಡುವುದಕ್ಕೆ ಇಂಥ ಅಂಕಿಗಳಿಂದ ಸಾಧ್ಯವಾಗುತ್ತದೆ.

೯. ಉಪಸಂಹಾರ

ಈ ವೃತ್ತಾಂತದಿಂದ ಹೊರಡುವ ತಾತ್ಪರ್ಯವನ್ನು ಸಂಕ್ಷೇಪವಾಗಿ ಹೇಳಬಹುದು. ತರ್ಕಕ್ಕೆ ಒಪ್ಪುವ ಚಿಕಿತ್ಸೆಯೆಲ್ಲ ಫಲಕಾರಿಯಲ್ಲ. ಫಲ ಕಂಡಿತೆಂಬ ರೋಗಿಯ ಮಾತು ಸತ್ಯವಾಗಿದ್ದರೂ ಅದರ ಕಾರಣದ ವಿಷಯದಲ್ಲಿ ರೋಗಿಯೂ ವೈದ್ಯನೂ ಭ್ರಮಿಸಬಹುದು. ಒಂದು ಪ್ರಯೋಗ ಸಾಲದು; ಬೇರೆ ಬೇರೆ ಕೈಗಳಿಂದ, ಬೇರೆ ಬೇರೆ ಸ್ಥಳಗಳಲ್ಲಿ ಅದು ಮರುಕಳಿಸಬೇಕು. ಸೋತ ಪ್ರಯೋಗಗಳೂ ದಾಖಲೆಯಲ್ಲಿ ಉ‌ಳಿಯಬೇಕು. ಈ ಉದ್ದೇಶದಿಂದಲೇ ಭಾರತದಲ್ಲಿ ೨೦೦೭ರಲ್ಲಿ ಆರಂಭವಾದ ಪ್ರಯೋಗಗಳ ನೋಂದಣಿಯನ್ನು ೨೦೦೯ರಿಂದ ಕಡ್ಡಾಯಮಾಡಲಾಗಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಹಿರಿಯರು ಹೇಳಿದ ಮಾತಿನ ಅರ್ಥ ಇದೇ.

ಇದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ವಿಷಯವಲ್ಲ. ನಮ್ಮ ಮನೆಗಳಲ್ಲಿ ನೆಲದ ಮೇಲೆ ಕುಳಿತು ಏಳಲಾರದ, ಗುಡಿಯ ಮೆಟ್ಟಿಲನ್ನು ಕೆಳಗಿನಿಂದಲೇ ನೋಡಿ ಕೈಮುಗಿಯುವ ಹಿರಿಯರಿದ್ದಾರೆ. ಅವರಿಗಾಗಿ ಸಂಸಾರವೊಂದು ಕೂಡಿಟ್ಟ ಹಣ ಯಾವ ಸೂಜಿಗೆ, ಯಾವ ಮಾತ್ರೆಗೆ, ಯಾವ ಶಸ್ತ್ರಕ್ಕೆ ವ್ಯಯವಾಗಬೇಕೆಂಬುದು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ. ಹ್ಯೂಸ್ಟನ್ನಿನಲ್ಲಿ ತಮಗೆ ಪ್ರಯೋಜನವಾಗದಿರಬಹುದೆಂದು ತಮ್ಮ ಕೈಯಿಂದಲೇ ಬರೆದುಕೊಟ್ಟು ಮೇಜಿನ ಮೇಲೆ ಮಲಗಿದ ೧೮೦ ಮಂದಿ ನಿವೃತ್ತ ಸೈನಿಕರ ಹೆಸರುಗಳನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ಅವರು ಗಳಿಸಿಕೊಟ್ಟ ಜ್ಞಾನವನ್ನು ಉಪಯೋಗಿಸಿಕೊಳ್ಳುವುದೇ ಅವರಿಗೆ ಸಲ್ಲಿಸಬಹುದಾದ ಗೌರವ. ವೈದ್ಯನ ಮುಂದೆ ಕುಳಿತಾಗ, ಈ ಚಿಕಿತ್ಸೆಯನ್ನು ಯಾವುದರೊಡನೆ ಹೋಲಿಸಿ ನೋಡಲಾಗಿದೆಯೆಂದು ವಿನಯದಿಂದ ಕೇಳುವ ಒಂದು ಪ್ರಶ್ನೆಯನ್ನು ನಮ್ಮ ವಾಚಕರು ರೂಢಿಸಿಕೊಂಡರೆ ಈ ಲೇಖನದ ಶ್ರಮ ಸಾರ್ಥಕವಾದಂತೆ.